ನನ್ನ ಕೈ ಉಳುಕಿದ ಹತ್ತು ದಿನ

ನಮ್ಮ ಮನೆಯ ಟವೆಲ್ಲುಗಳಿಗೆಲ್ಲ ಜಡೆ ಇದೆ. ತಮಾಷೆಗೆ ಹೇಳುತ್ತಿಲ್ಲ, ಬಂದರೆ ತೋರಿಸುತ್ತೇನೆ. ಸೊಲ್ಲಾಪುರದ ಟವೆಲ್ಲು ನೀವು ನೋಡಿರುತ್ತೀರಿ, ಎರಡೂ ತುದಿಗೆ ದಾರದ ಕುಚ್ಚು ಬಿಟ್ಟಿರುತ್ತಾರೆ. ಊಟ ಮುಗಿಸಿ, ಕೈ ಒರೆಸಿಕೊಂಡು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಪೇಪರು ಹಿಡಿದು ಕೂತೆನೆಂದರೆ ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಆ ದಾರಗಳನ್ನು ಮೂರು ಪಾಲು ಮಾಡಿ ಹೆಣೆಯತೊಡಗುತ್ತವೆ. ಪೇಪರಿನ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಒಂದು ಸಾಲು ಜಡೆ ಮುಗಿದಿರುತ್ತದೆ. ಟವೆಲ್ಲು ಸಿಗದಿದ್ದರೆ ಶಾಲು, ಶಾಲು ಸಿಗದಿದ್ದರೆ ಹಾಸಿಗೆಯ ಚಾದರು. ಒಮ್ಮೆ ಬೀಗರ ಮನೆಯಲ್ಲಿ ಅವರ ಹೊಸ ಪರದೆಯ ಗೊಂಡೆಗಳನ್ನು ಹೆಣೆದು ಕೂತಿದ್ದೆ.

"ಈ ಮನ್ಯಾಗ ಒಂದ ಟವೆಲ್ಲಿಗೂ ಬಿಚ್ಚುಗೂದಲಾ ಬಿಟ್ಟಿಲ್ಲ ನೋಡ್ರಿ ನೀವು," ಎನ್ನುತ್ತಾಳೆ ಗಿರಿಜಾ, ಒಗೆಯಲು ಹಾಕುವ ಮುಂಚೆ ಒಂದೊಂದನ್ನೇ ಬಿಚ್ಚುತ್ತ.

ಬೈಗುಳವೇನೋ ಸರಿಯೇ. ಆದರೆ ಈ ಚಟಕ್ಕೆ ಕಾರಣ ಅವಳೇ ಎನ್ನುವುದನ್ನು ನಿಮಗೆ ಹೇಳಬೇಕು.

ಗಿರಿಜಾ ನನ್ನ ಹೆಂಡತಿ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು. ನಾನು ಬಾಗಲಕೋಟೆಯವನು, ಪುಣೆಯ ಭೋಸರಿಯಲ್ಲಿ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುವ ಕೆಲಸ. ಮದುವೆಯಾಗಿ ಬಂದವಳು ಇಲ್ಲಿಯೇ ಒಂದು ಆಸ್ಪತ್ರೆಗೆ ಸೇರಿದಳು. ಮಗಳು ಸುಮಿಗೆ ಆರನೆಯ ವರ್ಷ ನಡೆಯುತ್ತಿದ್ದಾಗ, ತೊಂಬತ್ತರ ದಶಕದ ನಡುವಿನಲ್ಲಿ, ಓಮಾನಿನ ಒಂದು ಆಸ್ಪತ್ರೆಯಿಂದ ಅವಳಿಗೆ ಕರೆ ಬಂತು. ಮಸ್ಕತ್ತಿನಿಂದ ಎರಡು ತಾಸು ದಾರಿಯ ಊರು. ಒಂದೂವರೆ ವರ್ಷ ದುಡಿದರೆ ನಲವತ್ತು ದಿನ ರಜೆ. ನಾವು ಧನಕವಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು, ಮಾಲೀಕರು ಅದನ್ನು ಮಾರುವ ಮಾತಾಡುತ್ತಿದ್ದರು. ಮನೆ ನಮ್ಮದಾಗಲಿ ಎಂದು ಆಕೆ ಹೋಗುತ್ತಿದ್ದಾಳೆ ಅಂತ ನಾನು ಕಂಡವರಿಗೆಲ್ಲ ಹೇಳಿದೆ. ಅದು ಸುಳ್ಳಲ್ಲ. ಆದರೆ ಕರೆಯ ಕಾಗದ ಓದುವಾಗ ಆಕೆಯ ಮುಖ ನೋಡಿದ್ದರೆ ನಿಮಗೂ ತಿಳಿಯುತ್ತಿತ್ತು, ಮನೆಯೊಂದೇ ಕಾರಣವಲ್ಲ ಎಂದು. ಅವಳಿಗೆ ಆ ಕೆಲಸ ಬೇಕಿತ್ತು. ಅವಳ ಮನೆತನದಲ್ಲಿ ವಿಮಾನವನ್ನು ಕತ್ತೆತ್ತಿ ನೋಡಿದವರಿದ್ದರೇ ಹೊರತು ಒಳಗೆ ಕೂತವರು ಒಬ್ಬರೂ ಇರಲಿಲ್ಲ.

ಮೊದಲ ಸಲ ಆಕೆ ಹೊರಟಾಗ ಎರಡು ಜೀಪು ಮಾಡಿದ್ದೆವು. ಬಾಗಲಕೋಟೆಯಿಂದ, ಗದಗಿನಿಂದ, ಇಲ್ಲಿಯ ಪಿಂಪರಿಯಿಂದ ಬಂದ ಬಳಗ ಮುಂಬಯಿ ವಿಮಾನ ನಿಲ್ದಾಣದವರೆಗೆ ಹೋಗಿ ಬಿಟ್ಟುಬಂತು. ಚೆಂಡುಹೂವಿನ ಹಾರ, ಬುತ್ತಿ, ಕಣ್ಣೀರು. ಖಂಡಾಳಾ ಘಾಟಿನಲ್ಲಿ ಗಿರಿಜಾಗಿಂತ ಮೊದಲು ನಮ್ಮ ಸೋದರಮಾವ ವಾಂತಿ ಮಾಡಿಕೊಂಡ. ಎರಡನೆಯ ಸಲ ಒಂದೇ ಜೀಪು, ಅದರಲ್ಲೂ ಎರಡು ಸೀಟು ಖಾಲಿ. ಮೂರನೆಯ ಸಲ ನಾನು, ಸುಮಿ, ಗಿರಿಜಾಳ ತಮ್ಮ. ನಾಲ್ಕನೆಯ ಸಲಕ್ಕೆ ನಾವು ಪುಣೆ ಸ್ಟೇಶನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ಕೈಬೀಸುವುದೆಂದು ಗೊತ್ತುಮಾಡಿಕೊಂಡಿದ್ದೆವು. ಅಲ್ಲಿಂದ ಮುಂಬಯಿಗೆ ಸೀಟಿನ ಲೆಕ್ಕದಲ್ಲಿ ಟ್ಯಾಕ್ಸಿ ಸಿಗುತ್ತಿತ್ತು. ಬಾಗಲಕೋಟೆಯಿಂದ ಒಂದು ಕಾರ್ಡು ಬಂದಿತ್ತು: "ಹೋದಳಂತ ತಿಳಿಯಿತು."

ಯಾರನ್ನೂ ದೂರುತ್ತಿಲ್ಲ. ಹೋಗುವವರಿಗಾಗಿ ಅಳುವುದಕ್ಕೂ ಒಂದು ಮಿತಿ ಇರುತ್ತದೆ. ಆದರೆ ಒಂದು ಮಾತು ನನಗೆ ಆಗ ಅರ್ಥವಾಯಿತು. ಮೊದಲ ಸಲ ನಮಗೆ ಏನೂ ಗೊತ್ತಿರುವುದಿಲ್ಲ, ಆ ಗೊತ್ತಿಲ್ಲದಿರುವುದೇ ಒಂದು ಧೈರ್ಯ. ಮತ್ತೆ ಹೊರಟಾಗ ಎಲ್ಲ ಗೊತ್ತಿರುತ್ತದೆ. ಮೊದಲ ದಿನ ಏನೂ ಆಗುವುದಿಲ್ಲ. ಎರಡನೆಯ ದಿನ ಮನೆ ದೊಡ್ಡದೆನಿಸುತ್ತದೆ. ನಾಲ್ಕನೆಯ ದಿನ ಬಟ್ಟೆ ಒಣಹಾಕುವ ಹಗ್ಗ ನೋಡಿದಾಗ ತ್ರಾಸಾಗುತ್ತದೆ.

ಗಿರಿಜಾ ಹೊರಡುವ ಬೆಳಿಗ್ಗೆ ಸ್ನಾನ ಮಾಡಿ, ಉಟ್ಟಿದ್ದ ಸೀರೆಯನ್ನು ಬಕೀಟಿನಲ್ಲಿ ನೆನೆಹಾಕಿ ಹೋಗುತ್ತಿದ್ದಳು. ಒಗೆಯಲು ಹೊತ್ತಿರುತ್ತಿರಲಿಲ್ಲವೋ, ಬೇಕೆಂದೇ ಬಿಡುತ್ತಿದ್ದಳೋ, ನಾನು ಕೇಳಲಿಲ್ಲ. ಸ್ಟೇಶನ್ನಿನಿಂದ ಬಂದು ನಾನು ಅದನ್ನು ಒಗೆದು ಗ್ಯಾಲರಿಯ ಹಗ್ಗಕ್ಕೆ ಹಾಕುತ್ತಿದ್ದೆ. ಸಂಜೆಗೆ ಒಣಗುವ ಸೀರೆ ಅಲ್ಲಿ ಎಂಟು ದಿನ ಇರುತ್ತಿತ್ತು. ಮೊದಲ ಸಲ, ಪಕ್ಕದ ಮನೆಯ ಹಿರಿಯ ಹೆಂಗಸು ಕಾಳೆ ಕಾಕು ಐದನೆಯ ದಿನದಿಂದ ತಮ್ಮ ಗ್ಯಾಲರಿಯಿಂದ ಕೂಗುತ್ತಿದ್ದರು, "ಅಹೋ ಅಂಗಡೀ, ಸಾಡೀ ವಾಳಲೀ ಕೀ!" ಅಂಗಡಿ ನಮ್ಮ ಮನೆತನದ ಅಡ್ಡಹೆಸರು. ಸೀರೆ ಒಣಗಿದೆಯಲ್ಲ ಎಂದು ಅವರು ಹೇಳಿದ್ದು. ನಾನು, ಹೌದು ಕಾಕು, ತೆಗೀತೀನಿ ಎಂದು ಮರಾಠಿಯಲ್ಲಿ ಹೇಳಿ ಒಳಗೆ ಬರುತ್ತಿದ್ದೆ. ಎರಡನೆಯ ಸಲದಿಂದ ಅವರು ಕೂಗುವುದನ್ನು ಬಿಟ್ಟರು.

ಸುಮಿಯದು ಬೇರೆ ರೀತಿ. ಅವಳು ಅಳುತ್ತಿರಲಿಲ್ಲ. ಅವ್ವನ ರಬ್ಬರು ಚಪ್ಪಲಿ ಹಾಕಿಕೊಂಡು ಎರಡು ಕೋಣೆಯಲ್ಲಿ ಟಪ್ ಟಪ್ ಎಂದು ತಿರುಗುತ್ತಿದ್ದಳು. ಆರು ತುಂಬದ ಪಾದಕ್ಕೆ ಆ ಚಪ್ಪಲಿ ದೋಣಿಯ ಹಾಗೆ. ತೆಗೆಯೇ ಎಂದರೆ, "ನೆಲ ಥಣ್ಣಗ ಅದ," ಎನ್ನುತ್ತಿದ್ದಳು. ಪುಣೆಯ ಏಪ್ರಿಲ್ಲಿನಲ್ಲಿ!

ಇನ್ನು ಜಡೆಯ ವಿಷಯ. ನಮ್ಮ ಅಪ್ಪ ಬಾಗಲಕೋಟೆಯಲ್ಲಿ ಅರಿವೆ ಅಂಗಡಿಯ ಗುಮಾಸ್ತ. ಆತ ಬದುಕಿರುವತನಕ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಲಿಲ್ಲ. ನೀರು ಬೇಕಾದರೆ ಪಡಸಾಲೆಯಿಂದ ಒಂದು ಕೆಮ್ಮು, ಚಹಾ ಬೇಕಾದರೆ ಎರಡು. ಅವ್ವ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಕಾಲುಗಳ ನಡುವೆ ನನ್ನ ಅಕ್ಕನನ್ನು ಒತ್ತಿ ಕೂಡ್ರಿಸಿಕೊಂಡು, ಕುಸುಬಿ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ಅಕ್ಕ ಚೀರುತ್ತಿದ್ದಳು. ನಾನು ಗೋಲಿ ಆಡುತ್ತ, ಗಂಡಾಗಿ ಹುಟ್ಟಿದ್ದು ಎಷ್ಟು ಚಲೋ ಆಯಿತೆಂದು ದೇವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ದೇವರು ಕೇಳಿಸಿಕೊಂಡ, ನಕ್ಕ, ಮೂವತ್ತು ವರ್ಷ ಕಾದ.

ಸುಮಿಯ ಶಾಲೆಯಲ್ಲಿ ಎರಡು ಜಡೆ, ಮಡಿಚಿ ಮೇಲಕ್ಕೆ ಕಟ್ಟಿ, ಕೆಂಪು ರಿಬ್ಬನ್ನು. ಗಿರಿಜಾ ಹೋದ ಮರುದಿನ ನಾನು ಹಾಕಿದ ಜಡೆಗಳಲ್ಲಿ ಒಂದು ಕಿವಿಯ ಮೇಲಿತ್ತು, ಇನ್ನೊಂದು ಬೆನ್ನಿನ ಮೇಲಿತ್ತು. ಶಾಲೆಯ ಬಾಯಿ, ಅಂದರೆ ಟೀಚರು, ಅವಳನ್ನು ನೋಡಿ, "ಮನ್ಯಾಗ ಜಗಳ ಆಡಿದ್ಯೇನು?" ಎಂದು ಕೇಳಿದರಂತೆ. ಅದನ್ನು ನನಗೆ ಸುಮಿ ಬಹಳ ಗಂಭೀರವಾಗಿ ವರದಿ ಮಾಡಿದಳು.

ನಾನು ಕಾರ್ಖಾನೆಯ ಸ್ಟೋರಿನಲ್ಲಿ, ಬೇರಿಂಗಿನ ಡಬ್ಬಿಗಳ ಹಿಂದೆ, ರ್‍ಯಾಕಿನ ಕಾಲಿಗೆ ಸುತಳಿ ಕಟ್ಟಿ ಊಟದ ಬಿಡುವಿನಲ್ಲಿ ಅಭ್ಯಾಸ ಶುರುಮಾಡಿದೆ. ಸುತಳಿಯಲ್ಲಿ ಸಾಧಿಸಿದ್ದನ್ನು ಮನೆಯಲ್ಲಿ ಪ್ರಯೋಗಿಸಿದೆ. ಸುಮಿಯ ಚೀರಾಟಕ್ಕೆ ಕಾಳೆ ಕಾಕು ಓಡಿಬಂದರು. ನನ್ನ ಕೈಯಿಂದ ಬಾಚಣಿಕೆ ಕಸಿದುಕೊಂಡು, "ಮುಲೀಚೇ ಕೇಸ್ ಆಹೇತ ಹೇ, ಸುತಳೀ ನಾಹೀ!" ಎಂದರು. ಹುಡುಗಿಯ ಕೂದಲು ಇದು, ಸುತಳಿ ಅಲ್ಲ. ಸ್ಟೋರಿನ ಸುದ್ದಿ ಅವರಿಗೆ ಹೇಗೆ ಗೊತ್ತಾಯಿತೆಂದು ನಾನು ಬೆಚ್ಚಿದೆ. ಗೊತ್ತಿರಲಿಲ್ಲ, ಸುಮ್ಮನೆ ಬಾಯಿಗೆ ಬಂದ ಹೋಲಿಕೆ ಅಷ್ಟೇ. ಎಂಟು ದಿನ ಕಾಕು ನನ್ನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಕಲಿಸಿದರು. ತುದಿಯ ಸಿಕ್ಕು ಮೊದಲು ಬಿಡಿಸಬೇಕು, ಬುಡದ್ದು ಆಮೇಲೆ. ಎಳೆಯಬೇಕು, ಆದರೆ ನೋಯಬಾರದು. ಮೂರು ತಿಂಗಳಲ್ಲಿ ನನ್ನ ಜಡೆ ಬೆಳಿಗ್ಗೆಯಿಂದ ಸಂಜೆಯತನಕ ಅಲ್ಲಾಡದೆ ನಿಲ್ಲುವಂತಾಯಿತು.

ಎರಡನೆಯ ಸಲ ಗಿರಿಜಾ ಹೋದಾಗ ನಮ್ಮವ್ವ ಬಾಗಲಕೋಟೆಯಿಂದ ಬಂದು ಮೂರು ತಿಂಗಳು ಇದ್ದಳು. ಬಂದ ಮರುದಿನ ನಾನು ಸುಮಿಗೆ ಜಡೆ ಹಾಕುವುದನ್ನು ನೋಡಿ ಸೆರಗು ಬಾಯಿಗೆ ಹಿಡಿದಳು. "ನಿಮ್ಮಪ್ಪ ಇದ್ದಿದ್ರ ಇದನ್ನ ನೋಡಿ ಏನಂತಿದ್ದನೋ!" ಎಂದಳು. ನಾನು ರಿಬ್ಬನ್ನು ಕಟ್ಟಿ ಮುಗಿಸಿದೆ. ಆ ಮೂರು ತಿಂಗಳು ಜಡೆ ಹಾಕುವ ಹೊತ್ತಿಗೆ ಅವ್ವ ಬೇಕೆಂದೇ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದಳು. ಊರಿಗೆ ಹೊರಡುವ ಎರಡು ದಿನ ಮೊದಲು, ಸುಮಿ ಶಾಲೆಗೆ ಹೋದ ಮೇಲೆ, ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು.

"ನನಗೂ ಒಂದೀಟು ಹಾಕಪಾ. ಕೈ ಮ್ಯಾಲ ಏಳವಲ್ಲವು," ಎಂದಳು.

ಬಿಳಿಯ ನಾಲ್ಕು ಎಳೆ. ಜಡೆ ಇಲಿಯ ಬಾಲದಷ್ಟಾಯಿತು. ಅವ್ವ ಕೈ ಹಿಂದೆ ಮಾಡಿ ಮುಟ್ಟಿ ನೋಡಿಕೊಂಡು, "ಚೊಲೋ ಹಾಕತೀದಿ," ಎಂದಳು. ಕಾರ್ಖಾನೆಯಲ್ಲಿ ನನಗೆ ಒಮ್ಮೆ ಉತ್ತಮ ಕೆಲಸಗಾರನೆಂದು ಸ್ಟೀಲಿನ ಡಬ್ಬಿ ಕೊಟ್ಟಿದ್ದರು. ಆ ಡಬ್ಬಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಡುಗೆ ಮಾತ್ರ ನನಗೆ ಒಲಿಯಲಿಲ್ಲ. ಅದಕ್ಕೆ ಗಿರಿಜಾ ಕ್ಯಾಸೆಟ್ಟು ಕಳಿಸುತ್ತಿದ್ದಳು. ಟೆಲಿಫೋನು ಆಗ ತಿಂಗಳಿಗೊಮ್ಮೆ, ಅದೂ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು. ರಜೆಗೆ ಬರುವ ನರ್ಸುಗಳ ಕೈಯಲ್ಲಿ ಕ್ಯಾಸೆಟ್ಟು ಬರುತ್ತಿತ್ತು. ಒಂದು ಬದಿ ಸುಮಿಗೆ, ಇನ್ನೊಂದು ಬದಿ ನನಗೆ. ಸುಮಿಯ ಬದಿಯಲ್ಲಿ ಕಥೆ, ಮಗ್ಗಿ, ಮುತ್ತು. ನನ್ನ ಬದಿಯಲ್ಲಿ ಕಡಲೆಹಿಟ್ಟಿನ ಝುಣಕ ಮಾಡುವ ಬಗೆ. ಹಿಂದುಗಡೆ ದೂರದ ಬಾಂಗಿನ ಧ್ವನಿ, ಯಾರೋ ಮಲಯಾಳಿ ಹೆಂಗಸಿನ ನಗು. ನಡುವೆ ಗಿರಿಜಾ ಹೇಳುತ್ತಿದ್ದಳು: "ಒಗ್ಗರಣಿ ಆತೇನ್ರಿ? ಈಗ ನೀರು ಹಾಕ್ರಿ. ಕುದೀಲಿ. ಈಗ ಹಿಟ್ಟು ಬಿಡ್ರಿ, ಸಣ್ಣಗ. ತಿರುವ್ರಿ. ಸುಮ್ನ ನಿಂತೀರೇನ್ರಿ? ತಿರುವ್ರಿ!"

ಸುಮ್ಮನೇ ನಿಂತಿರುತ್ತಿದ್ದೆ. ಸಮುದ್ರದ ಆಚೆ ಕೂತವಳಿಗೆ ಅದು ಹೇಗೆ ಕಾಣುತ್ತಿತ್ತೋ!

ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ರಜೆ, ಹಾಗಾಗಿ ನನ್ನ ಅಡುಗೆಯ ಪ್ರಯೋಗಗಳೆಲ್ಲ ಗುರುವಾರವೇ. ಕರೆಂಟು ಹೋಗುವುದೂ ಗುರುವಾರವೇ. ಒಮ್ಮೆ "ಈಗ ಹಿಟ್ಟು..." ಎನ್ನುವಲ್ಲಿಗೆ ಟೇಪು ನಿಂತುಹೋಯಿತು. ಎಷ್ಟು ಹಿಟ್ಟು, ಏನು ಕಥೆ, ತಿಳಿಯದೆ ಡಬ್ಬಿಯಲ್ಲಿದ್ದಷ್ಟನ್ನೂ ಸುರಿದೆ. ಆ ಝುಣಕವನ್ನು ಸುಮಿ ಚಾಕುವಿನಿಂದ ಕೊಯ್ದು, ಬರ್ಫಿಯ ಹಾಗೆ ಕೈಯಲ್ಲಿ ಹಿಡಿದು ತಿಂದಳು.

ಹೀಗೆ ನಾವಿಬ್ಬರೂ ಗಿರಿಜಾ ಇಲ್ಲದೆ ನಡೆಯಲು ಕಲಿತೆವು. ತೊಂದರೆ ಬಂದದ್ದು ಅಲ್ಲಿಯೇ. ನಾವು ಕಲಿತುಬಿಟ್ಟೆವು.

ಸುಮಿ ಏಳನೆಯ ತರಗತಿಗೆ ಬಂದ ವರ್ಷ ಗಿರಿಜಾ ನಲವತ್ತು ದಿನದ ರಜೆಗೆ ಬಂದಳು. ನಾಲ್ಕನೆಯ ರಜೆ ಅದು. ಮನೆ ಅಷ್ಟರಲ್ಲಿ ನಮ್ಮದಾಗಿತ್ತು. ಬಾಗಿಲ ಮೇಲೆ ಆಕೆಯ ಹೆಸರು, ಕೆಳಗೆ ನನ್ನದು. ಬಂದ ಮರುದಿನ ಬೆಳಿಗ್ಗೆ ಆಕೆ ತಾನೇ ಎದ್ದು ಚಹಾ ಮಾಡಿದಳು. ನಾನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಸುಮಿ ಕುಡಿದು ಉಗುಳಿದಳು. ಚಹಾಕ್ಕೆ ಉಪ್ಪು ಬಿದ್ದಿತ್ತು.

"ಅವ್ವಾ, ಸಕ್ರಿ ಡಬ್ಬಿ ಈಗ ಮ್ಯಾಲ ಇರ್ತದ. ಕೆಳಗಿಂದು ಉಪ್ಪು. ಅಪ್ಪ ಬದಲ್ ಮಾಡ್ಯಾನ," ಎಂದಳು ಸುಮಿ.

ಮೂವರೂ ನಕ್ಕೆವು. ಗಿರಿಜಾನೂ ನಕ್ಕಳು. ಆಮೇಲೆ ಇಂಗು ಸಿಗಲಿಲ್ಲ, ಸಾಣಿಗೆ ಸಿಗಲಿಲ್ಲ, ದೇವರ ದೀಪಕ್ಕೆ ಎಣ್ಣೆ ಸಿಗಲಿಲ್ಲ. ಪ್ರತಿಸಲವೂ ಸುಮಿ ಎದ್ದು ಹೋಗಿ ತೆಗೆದುಕೊಟ್ಟಳು. ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿ ಔಷಧ ತೆಗೆಯುವವಳು ತನ್ನ ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡು ನಿಂತಳು. ನಾನು ಡಬ್ಬಿಗಳನ್ನು ಹಳೆಯ ಜಾಗಕ್ಕೆ ಇಡಲು ಹೋದರೆ, "ಬ್ಯಾಡ್ರಿ. ನಾ ಮತ್ತ ಹೋಗಾಕಿ. ನಿಮಗ ತ್ರಾಸ," ಎಂದಳು.

ರಜೆ ಹೀಗೆಯೇ ಸರಿಯಿತು. ಹೊರಡಲು ಹನ್ನೊಂದು ದಿನ ಉಳಿದಿದ್ದವು. ಆವತ್ತು ಬೆಳಿಗ್ಗೆ ಗಿರಿಜಾ ಎಣ್ಣೆಯ ಬಟ್ಟಲು, ಬಾಚಣಿಕೆ ಹಿಡಿದು ಸುಮಿಯನ್ನು ಕರೆದು ಕೂಡ್ರಿಸಿಕೊಂಡಳು. ಆಕೆ ಬಂದ ಮೊದಲ ವಾರ ಸುಮಿಯ ಪರೀಕ್ಷೆಯ ಗಡಿಬಿಡಿಯಲ್ಲಿ ರೂಢಿಯಂತೆ ನಾನೇ ಹಾಕಿದ್ದೆ, ಆಮೇಲೆ ಮೂರು ವಾರ ಶಾಲೆಗೆ ದೀಪಾವಳಿಯ ಸೂಟಿ, ಜಡೆಯ ಪ್ರಶ್ನೆಯೇ ಬಂದಿರಲಿಲ್ಲ. ನಾನು ಬೂಟಿಗೆ ಪಾಲಿಶ್ ಹಾಕುತ್ತಿದ್ದೆ. ಎರಡು ಸಲ ಹಾಕಿ ಎರಡು ಸಲ ಬಿಚ್ಚಿದಳು. ಮಗಳ ಕೂದಲು ಒಂದೂವರೆ ವರ್ಷದಲ್ಲಿ ದಪ್ಪವಾಗಿತ್ತು, ಅವಳ ಕೈಗೆ ಅದರ ಅಂದಾಜು ಸಿಗುತ್ತಿರಲಿಲ್ಲ.

ಸುಮಿ ಗಡಿಯಾರ ನೋಡಿ ಎದ್ದುಬಿಟ್ಟಳು. "ಅವ್ವಾ, ಬಿಡು. ರಿಕ್ಷಾ ಬರ್ತದ. ಅಪ್ಪ ಹಾಕಿದ್ರ ಸಂಜೀತನಾ ಬಿಚ್ಚೂದಿಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೊತ್ತಾಗಿತ್ತು, ಹೇಳಿದಳು. ಗಿರಿಜಾ ಬಾಚಣಿಕೆಯನ್ನು ನನ್ನ ಕೈಗೆ ಕೊಟ್ಟಳು. "ಹೌದ್ರಿ, ನೀವ ಹಾಕ್ರಿ," ಎಂದು ಬಚ್ಚಲಿಗೆ ಹೋದಳು. ನಳ ಬಿಟ್ಟ ಸಪ್ಪಳ ಬಂತು. ನಾನು ಜಡೆ ಹಾಕಿ, ರಿಬ್ಬನ್ನು ಕಟ್ಟಿ, ಮಗಳನ್ನು ರಿಕ್ಷಾಕ್ಕೆ ಹತ್ತಿಸಿ ಬಂದರೂ ನಳ ಹರಿಯುತ್ತಲೇ ಇತ್ತು. ನಮ್ಮ ಧನಕವಡಿಯಲ್ಲಿ ನೀರನ್ನು ಹಾಗೆ ಯಾರೂ ಹರಿಯಬಿಡುವುದಿಲ್ಲ.

ಸಂಜೆ ಬಂದು ನೋಡಿದರೆ ಸೂಟಕೇಸು ಮಂಚದ ಮೇಲೆ ತೆರೆದಿತ್ತು. ಗಿರಿಜಾ ತುಂಬುತ್ತಿದ್ದಳು.

"ಇನ್ನೂ ಹನ್ನೊಂದು ದಿನ ಅದಾವಲ್ಲ," ಎಂದೆ.

"ಕೂತು ಏನ ಮಾಡಲಿ?" ಎಂದಳು. ಅಷ್ಟೇ. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಸ್ಟೋರಿನಲ್ಲಿ ಕೂತು ನಾನು ದಿನವಿಡೀ ಯೋಚಿಸಿದೆ. ಸುಮಿಗೆ ತಿಳಿಹೇಳೋಣವೇ? ಹೇಳಿದರೆ ಅವಳು ಅವ್ವನ ಮುಂದೆ ಕೂಡುತ್ತಾಳೆ, ಆದರೆ ಹೇಳಿ ಕೂಡ್ರಿಸಿದ್ದು ಗಿರಿಜಾಗೆ ಕ್ಷಣದಲ್ಲಿ ತಿಳಿಯುತ್ತದೆ. ಕೊನೆಗೆ, ನಾಲ್ಕು ಗಂಟೆಯ ಚಹಾದ ಹೊತ್ತಿಗೆ, ನನಗೆ ಒಂದು ಉಪಾಯ ಹೊಳೆಯಿತು. ನನ್ನ ಬದುಕಿನಲ್ಲಿ ಅಷ್ಟು ಜಾಣ ಉಪಾಯ ಹಿಂದೆಂದೂ ಹೊಳೆದಿರಲಿಲ್ಲ ಎಂದು ಆಗ ಅನ್ನಿಸಿತ್ತು. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಕ್ರೇಪ್ ಬ್ಯಾಂಡೇಜು ತೆಗೆದು ಬಲಗೈಯ ಮಣಿಕಟ್ಟಿಗೆ ಸುತ್ತಿಕೊಂಡೆ. ಬಸ್ಸಿನಲ್ಲಿ ಮುಖಕ್ಕೆ ನೋವು ತರಿಸುವ ಅಭ್ಯಾಸ ಮಾಡುತ್ತ ಬಂದೆ. ಒಬ್ಬ ಮುದುಕ ಎದ್ದು ನನಗೆ ಸೀಟು ಕೊಟ್ಟ.

"ಅಯ್ಯ, ಏನಾತ್ರೀ?" ಎಂದು ಗಿರಿಜಾ ಬಾಗಿಲಲ್ಲೇ ಕೇಳಿದಳು.

"ಬೇರಿಂಗಿನ ಪೆಟ್ಟಿಗಿ ಎತ್ತಾಕ ಹೋದೆ. ಉಳುಕೇತಿ."

"ಕೂಡ್ರಿ ಇಲ್ಲೆ."

ಆಗ ನನಗೆ ನೆನಪಾಯಿತು, ನಾನು ಮದುವೆಯಾಗಿದ್ದು ನರ್ಸನ್ನು. ಅವಳು ಪಟ್ಟಿ ಬಿಚ್ಚಿದಳು. ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುತ್ತ ಬಂದಳು.

"ಇಲ್ಲೆ ನೋಯತದೇನ್ರಿ?"

"ಹಾಂ."

"ಇಲ್ಲೆ?"

"ಹಾಂ, ಅಲ್ಲೇ."

"ಇಲ್ಲೆ?"

"ಅಯ್ಯಯ್ಯೋ, ಭಾಳ!"

ಕೊನೆಯ ಸಲ ಆಕೆ ಒತ್ತಿದ್ದು ಮೊಳಕೈಯನ್ನು. ನನಗೆ ಗಮನವಿರಲಿಲ್ಲ. ಆಕೆ ತಲೆ ಎತ್ತಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು ಎನ್ನಿಸಿತು. ಆಮೇಲೆ ಪಟ್ಟಿಯನ್ನು ಹೊಸದಾಗಿ, ಹೆಬ್ಬೆರಳಿನ ಸುತ್ತ ಎಂಟರ ಆಕಾರದಲ್ಲಿ ತಿರುವಿ ಕಟ್ಟಿದಳು. ನಾನು ಸುತ್ತಿಕೊಂಡಿದ್ದಕ್ಕೂ ಅದಕ್ಕೂ ಹೋಲಿಕೆಯೇ ಇರಲಿಲ್ಲ.

"ಹತ್ತು ದಿನ ಬಿಚ್ಚಬ್ಯಾಡ್ರಿ," ಎಂದಳು. "ಭಾರ ಎತ್ತಬ್ಯಾಡ್ರಿ. ಬಾಚಣಿಕಿ, ಲಟ್ಟಣಿಗಿ ಏನೂ ಮುಟ್ಟಬ್ಯಾಡ್ರಿ. ತಿಳೀತೇನ್ರಿ?"

ತಿಳಿಯಿತು ಎಂದೆ. ಒಳಗೊಳಗೇ ಹಿಗ್ಗಿದೆ. ಹಗಲೂ ರಾತ್ರಿ ರೋಗಿಗಳ ಕೈ ಹಿಡಿದು ನೋಡುವವಳನ್ನು ನಾನು ಎಷ್ಟು ಸಲೀಸಾಗಿ ನಂಬಿಸಿದೆ ನೋಡಿ!

ಮರುದಿನ ಬೆಳಿಗ್ಗೆ ಸುಮಿ ಅವ್ವನ ಮುಂದೆ ಕೂತಳು. ಬೇರೆ ದಾರಿ ಇರಲಿಲ್ಲ. ಮೊದಲ ದಿನದ ಜಡೆ ಮಧ್ಯಾಹ್ನಕ್ಕೇ ಬಿಚ್ಚಿತು. ಎರಡನೆಯ ದಿನ ಸುಮಿ, "ಬುಡದಾಗ ಜಗ್ಗು ಅವ್ವಾ, ನೋಯೂದಿಲ್ಲ," ಎಂದು ಹೇಳಿಕೊಟ್ಟಳು. ನಾಲ್ಕನೆಯ ದಿನಕ್ಕೆ ಅವರಿಬ್ಬರೂ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂಡತೊಡಗಿದರು. ಒಳಗಿನಿಂದ ನಗು ಬರುತ್ತಿತ್ತು. ನಾನು ಒಳಗೆ ಹೋದರೆ ನಿಂತುಬಿಡುತ್ತಿತ್ತು. ಇಬ್ಬರೂ ನನ್ನ ಕೈಯ ಕಡೆ ನೋಡಿ ಮುಖ ತಿರುಗಿಸುತ್ತಿದ್ದರು. ಪಾಪ, ನನ್ನ ನೋವಿಗೆ ಮರುಗುತ್ತಿದ್ದಾರೆ ಎಂದುಕೊಂಡೆ.

ಆ ಹತ್ತು ದಿನ ನನಗೆ ಸುಲಭವಿರಲಿಲ್ಲ. ಸ್ಟೋರಿನಲ್ಲಿ ನಾನೇ ಎಡಗೈಯಲ್ಲಿ ಬರೆದ ಚೀಟಿಯನ್ನು ಓದಲಾಗದೆ ಒಬ್ಬರು ನಟ್ಟು ಕೇಳಿದರೆ ಬೋಲ್ಟು ಕೊಟ್ಟು ಕಳಿಸಿದೆ. ಎಡಗೈಯಲ್ಲಿ ಉಣ್ಣುವುದು ನಮ್ಮ ಮನೆಗಳಲ್ಲಿ ಉಂಟೇ? ಗಿರಿಜಾ ಚಮಚ ಕೊಟ್ಟಳು. ರೊಟ್ಟಿಯನ್ನು ಚಮಚದಿಂದ ತಿನ್ನುವುದು ಹೇಗೆಂದು ಕೇಳಿದೆ. "ಮುರುದು ಕೊಡ್ತೀನಿ ತಗೋರಿ," ಎಂದು ಪಲ್ಯದಲ್ಲಿ ಅದ್ದಿ ಕೈಗೆ ಕೊಟ್ಟಳು. ಮದುವೆಯಾದ ಹೊಸತರಲ್ಲೂ ಆಕೆ ಹಾಗೆ ಮಾಡಿರಲಿಲ್ಲ. ಆರನೆಯ ದಿನ ಗ್ಯಾಸ್ ಸಿಲಿಂಡರ್ ಬಂತು. ನಾನು ಮೈಮರೆತು ಅದನ್ನು ಬಲಗೈಯಲ್ಲೇ ಎತ್ತಿಕೊಂಡು ಎರಡು ಮೆಟ್ಟಿಲು ಏರಿದ್ದೆ. ಮೇಲೆ ಕಾಳೆ ಕಾಕು ನಿಂತಿದ್ದರು. "ಹಾತ್ ಬರಾ ಝಾಲಾ ವಾಟತಂ!" ಎಂದರು, ಕೈ ವಾಸಿಯಾದ ಹಾಗಿದೆಯಲ್ಲ ಎಂದು. ತಟ್ಟನೆ ಸಿಲಿಂಡರ್ ಇಳಿಸಿ ಎಡಗೈ ಹಿಡಿದು ನರಳಿದೆ. ಕಾಕು ನನ್ನ ಎಡಗೈಯನ್ನು ನೋಡಿದರು, ಬಲಗೈಯ ಪಟ್ಟಿಯನ್ನು ನೋಡಿದರು, ಒಳಗೆ ಹೋದರು.

ಸೂಟಕೇಸು ಮಾತ್ರ ಮಂಚದ ಮೇಲಿನಿಂದ ಕೆಳಗಿಳಿದಿತ್ತು. ಅದನ್ನು ಯಾವಾಗ ಮುಚ್ಚಿದಳೋ ನಾನು ಗಮನಿಸಲಿಲ್ಲ. ಒಂದು ಸಂಜೆ ಬಂದಾಗ ಉಪ್ಪಿನ ಡಬ್ಬಿ ಮೇಲಿತ್ತು, ಸಕ್ಕರೆಯದು ಕೆಳಗಿತ್ತು. ಯಾರು ಬದಲಿಸಿದರೆಂದು ನಾನು ಕೇಳಲಿಲ್ಲ.

ಆ ಸಲದ್ದೂ ಸೇರಿ ಗಿರಿಜಾ ಇನ್ನೂ ಎರಡು ಸಲ ಹೋಗಿಬಂದಳು. ಸುಮಿ ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಪೂರ್ತಿ ಬಂದು ಇಲ್ಲಿಯ ಒಂದು ಆಸ್ಪತ್ರೆಗೆ ಸೇರಿದಳು. ಅಷ್ಟರಲ್ಲಿ ಹಿಂಜವಾಡಿಯ ಕಡೆ ಕಂಪ್ಯೂಟರು ಕಂಪನಿಗಳ ಗಾಜಿನ ಕಟ್ಟಡಗಳೆದ್ದು, ನಮ್ಮ ಓಣಿಯ ಹುಡುಗ ಹುಡುಗಿಯರೆಲ್ಲ ಪರದೇಶಕ್ಕೆ ಹೋಗಿಬರುವುದು ಪಕ್ಕದ ಸ್ವಾರಗೇಟಿಗೆ ಹೋಗಿಬಂದಂತೆ ಆಗಿತ್ತು. ಯಾರಿಗೂ ಜೀಪು ಇಲ್ಲ, ಹಾರ ಇಲ್ಲ. ನನಗೆ ಮಾತ್ರ ಎಲ್ಲ ಹೋಗುವಿಕೆಗಳಲ್ಲಿ ಆ ಹತ್ತು ದಿನದ ಕೊನೆಯ ಐದನೆಯದೇ ಇನ್ನೂ ಕಣ್ಣಮುಂದೆ ಇದೆ.

ಬೆಳಗಿನ ಒಂಬತ್ತು ಗಂಟೆ. ಪುಣೆ ಸ್ಟೇಶನ್ನಿನ ಟ್ಯಾಕ್ಸಿ ಸ್ಟ್ಯಾಂಡು. ಸೂಟಕೇಸನ್ನು ನಾನು ಎಡಗೈಯಲ್ಲಿ ಎಳೆದುಕೊಂಡು ಬಂದೆ, ಸುಮಿ ಹಿಂದಿನಿಂದ ನೂಕಿದಳು. ಅವ್ವ ಹಾಕಿದ ಎರಡು ಜಡೆ, ಒಂದು ಕೂದಲೂ ಆಚೆ ಇಲ್ಲ. ಟ್ಯಾಕ್ಸಿಯಲ್ಲಿ ನಾಲ್ಕನೆಯ ಸೀಟು ತುಂಬಲು ಕಾಯುತ್ತಿದ್ದರು. ಇಂಥ ಹೊತ್ತಿನಲ್ಲಿ ಮಾತಾಡಲು ಏನೂ ಇರುವುದಿಲ್ಲ. ಗ್ಯಾಸು ಬುಕ್ ಮಾಡಿರಿ, ಸುಮಿಯ ಹಲ್ಲಿನ ಡಾಕ್ಟರಿಗೆ ತೋರಿಸಿರಿ, ಹಾಲಿನವನಿಗೆ ಅರ್ಧ ಲೀಟರ್ ಕಡಿಮೆ ಹೇಳಿರಿ. ನಾನು ಹೂಂ ಹೂಂ ಎನ್ನುತ್ತಿದ್ದೆ. ಹಾಲಿನ ಮಾತಿಗೆ ಇಬ್ಬರೂ ಟ್ಯಾಕ್ಸಿಯ ಕಡೆ ನೋಡಿದೆವು.

ನಾಲ್ಕನೆಯವನು ಬಂದ. ಗಿರಿಜಾ ಸುಮಿಯ ತಲೆ ಸವರಿದಳು. ಆಮೇಲೆ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟು ಜನರ ನಡುವೆ ಆಕೆ ನನ್ನ ಕೈ ಹಿಡಿದದ್ದು ಅದೇ ಮೊದಲು.

"ಕೈ ಜ್ವಾಕಿ ಮಾಡ್ಕೋರಿ," ಎಂದಳು. ಪಟ್ಟಿಯ ಪಿನ್ನನ್ನು ಒಮ್ಮೆ ಮುಟ್ಟಿ ಸರಿಮಾಡಿ, ಹತ್ತಿ ಕೂತಳು.

ಟ್ಯಾಕ್ಸಿ ಹೋಯಿತು. ಪ್ರತಿಸಲ ಈ ಹೊತ್ತಿನಲ್ಲಿ ಸುಮಿ ನನ್ನ ಮುಖ ನೋಡುತ್ತಿರಲಿಲ್ಲ, ನಾನು ಅವಳ ಮುಖ ನೋಡುತ್ತಿರಲಿಲ್ಲ. ಸುಮ್ಮನೆ ಬಸ್ ಸ್ಟಾಪಿಗೆ ನಡೆಯುತ್ತಿದ್ದೆವು. ಆವತ್ತು ನಾಲ್ಕು ಹೆಜ್ಜೆ ನಡೆದ ಮೇಲೆ ಸುಮಿ ನಿಂತಳು.

"ಅಪ್ಪಾ, ಇನ್ನ ಬಿಚ್ಚು."

"ಏನು?"

"ಪಟ್ಟಿ. ಟ್ಯಾಕ್ಸಿ ಹೋತಲ್ಲ."

ನಾನು ನಿಂತಲ್ಲೇ ನಿಂತೆ. "ನಿನಗ ಯಾರು ಹೇಳಿದ್ರು?"

"ಅವ್ವ. ಮೊದಲನೇ ದಿನಾನ ಹೇಳ್ಯಾಳ. ಮೊಳಕೈ ಒತ್ತಿದ್ರ ಮಣಿಕಟ್ಟು ನೋಯತದ ಅಂತ ಹೊಯ್ಕೊಂಡ್ಯಂತಲ್ಲ!" ಅವಳು ನಗು ತಡೆಯಲಾರದೆ ಚೀಲವನ್ನು ಬಾಯಿಗೆ ಒತ್ತಿಕೊಂಡಳು. "ನಾವು ದಿನಾ ನಗತಿದ್ವಿ. ಸಿಲಿಂಡರ್ ಎತ್ತಿದ್ದು ಕಾಕು ಹೇಳಿದ್ರು. ಅವ್ವ ನಕ್ಕೂ ನಕ್ಕೂ ಕೆಳಗ ಕೂತಬಿಟ್ಲು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಚ್ಚಿಬಿಡ್ತಿದ್ದಿ. ಆಮ್ಯಾಲ ಜಡಿ ಮತ್ತ ನೀನ ಹಾಕ್ತಿದ್ದಿ." ಚೀಲವನ್ನು ಹೆಗಲಿಗೇರಿಸಿ, ನಗು ಇಳಿದ ದನಿಯಲ್ಲಿ ಹೇಳಿದಳು, "ಅವ್ವ ಅಂದ್ಲು, ಪ್ರತಿಸಲ ಹೋಗುವಾಗ ಭಾಳ ಕೆಟ್ಟ ಅನಸ್ತಿತ್ತಂತ. ನಾ ಇಲ್ಲದಿದ್ರೂ ಇವರದು ನಡೀತದ, ನಾ ಯಾಕ ಬರಬೇಕು ಅಂತ. ಈ ಸಲ ಹಂಗ ಅನಸೂದಿಲ್ಲಂತ. ನಿಮ್ಮಪ್ಪಗ ಒಂದ ಸುಳ್ಳೂ ಸರಿಯಾಗಿ ಹೇಳಾಕ ಬರೂದಿಲ್ಲ, ಆದರ ನನ್ನ ಸಲುವಾಗಿ ಹತ್ತು ದಿನ ಹೇಳ್ಯಾರ ನೋಡು ಅಂದ್ಲು."

ಸ್ಟೇಶನ್ನಿನ ಮುಂದಿನ ಆ ಗದ್ದಲದಲ್ಲಿ, ರಿಕ್ಷಾದವರು "ಕುಠೇ, ಕುಠೇ", ಎಲ್ಲಿಗೆ ಎಲ್ಲಿಗೆ, ಎಂದು ಕೇಳುತ್ತಿರುವಾಗ, ನಾನು ಪಟ್ಟಿ ಬಿಚ್ಚಿದೆ. ಬಿಚ್ಚಿದಷ್ಟೂ ಇತ್ತು. ಸುಮಿ ತುದಿ ಹಿಡಿದುಕೊಂಡು ಸುರುಳಿ ಸುತ್ತಿದಳು. ಕೈ ಬಿಳಚಿಕೊಂಡಿತ್ತು, ಪಟ್ಟಿಯ ಗೆರೆಗಳು ಮೂಡಿದ್ದವು. ನಾನು ನಕ್ಕೆ. ಎಷ್ಟು ನಕ್ಕೆನೆಂದರೆ ಕಣ್ಣಲ್ಲಿ ನೀರು ಬಂತು. ಸುಮಿಗೂ ಬಂತು. ನಾಲ್ಕು ಸಲ ಗಿರಿಜಾಳನ್ನು ಕಳಿಸಿ ನಾವು ಒಬ್ಬರೆದುರು ಒಬ್ಬರು ಅತ್ತಿರಲಿಲ್ಲ. ಆವತ್ತು ನಗುವಿನ ನೆಪದಲ್ಲಿ ಇಬ್ಬರೂ ಚೆನ್ನಾಗಿ ಅತ್ತುಬಿಟ್ಟೆವು. ಕಡಲೆಕಾಯಿ ಮಾರುವವಳೊಬ್ಬಳು ಬುಟ್ಟಿ ಇಳಿಸಿ ನಮ್ಮನ್ನೇ ನೋಡುತ್ತ ಕೂತಿದ್ದಳು.

ಬಸ್ಸು ಬಂತು. ಕಿಟಕಿಯ ಹತ್ತಿರ ಸುಮಿ, ಪಕ್ಕದಲ್ಲಿ ನಾನು. ಕಂಡಕ್ಟರು ಬಂದು ಕೈ ಚಾಚಿದ. ನಾನು ಯಾವಾಗಲೂ ಹೇಳುವಂತೆ ಹೇಳಿದೆ, "ಧನಕವಡಿ, ದೀಡ್." ಒಂದೂವರೆ. ನನ್ನದೊಂದು, ಮಗಳ ಅರ್ಧ.

"ದೀಡ್ ನಾಹೀ, ದೋನ್," ಎಂದಳು ಸುಮಿ, ನನಗಲ್ಲ, ನೇರ ಕಂಡಕ್ಟರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಹೋದ ವಾರ ನನಗ ಹನ್ನೆರಡು ತುಂಬಿದವು, ಅಪ್ಪಾ. ನನ್ನದೂ ಈಗ ಪೂರಾ ಟಿಕೀಟು," ಎಂದಳು.

ಕಂಡಕ್ಟರು ಅವಳನ್ನೊಮ್ಮೆ ನೋಡಿ, ಎರಡು ಪೂರಾ ಟಿಕೀಟು ಹರಿದು ಅವಳ ಕೈಗೇ ಕೊಟ್ಟ.